ಸದರಿ ಗಡಿಗೆ

ದೇವದುರ್ಗದ ಕಾಲುವೆ ಉಪವಿಭಾಗದ ಪಡಸಾಲೆಯಲ್ಲಿ
ಏಪ್ರಿಲ್ ಮೂರಕ್ಕೆ ಗಡಿಗೆ ಬಿರುಕು ಬಿಟ್ಟಿತು.
ಲಾಲಸಾಬ್ ಒಂದು ಚೀಟಿ ತಂದುಕೊಟ್ಟ,
ಹಳೇ ಕ್ಯಾಲೆಂಡರಿನ ಹಿಂಬದಿ, ಪೆನ್ಸಿಲ್ಲು:
'ಗಡಿಗಿ ಸೋರ್ತದ. ಹೊಸಾದು ಕೊಡಸ್ರಿ.'

ಇಷ್ಟು ಬೆತ್ತಲೆ ಕಾಗದ ಸಾಹೇಬರ ಮುಂದಿಡುವುದೆ?
ಇಪ್ಪತ್ತೆರಡು ವರ್ಷ ಕಡತಗಳಿಗೆ ಬಟ್ಟೆ ತೊಡಿಸಿದವನು ನಾನು.
ಸೋರುವುದಕ್ಕೆ ಪಂಚೆ ಉಡಿಸಿದೆ, ಒಡೆದದ್ದಕ್ಕೆ ಶಾಲು:

'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ,
ಸದರಿ ಗಡಿಗೆಯು ತನ್ನ ಧಾರಣಾ ಸಾಮರ್ಥ್ಯದ ಬಾಬ್ತು
ಇಳಿಮುಖ ಪ್ರವೃತ್ತಿ ಹೊಂದಿರುವುದು ಕಂಡುಬಂದಿದ್ದು,
ಸೂಕ್ತ ಕ್ರಮ ಕೈಗೊಳ್ಳುವ ನಿಟ್ಟಿನಲ್ಲಿ
ಕಡತವನ್ನು ಅವಗಾಹನೆಗಾಗಿ ಸಲ್ಲಿಸಿದೆ.'

ಓದಿದೆ. ಇನ್ನೊಮ್ಮೆ ಓದಿದೆ, ಸ್ವಲ್ಪ ಜೋರಾಗಿ.
ನಿಟ್ಟು ಅಂದರೆ ಯಾವ ದಿಕ್ಕು, ನನಗೂ ತಿಳಿಯದು;
ಅದಿಲ್ಲದಿದ್ದರೆ ಮಾತ್ರ ವಾಕ್ಯ
ನಮ್ಮ ಕಚೇರಿಯ ಕುರ್ಚಿಯಂತೆ ಎಡಕ್ಕೆ ವಾಲುತ್ತದೆ.

ಕಡತ ಮೆಟ್ಟಿಲೇರಿತು.
ಲಾಲಸಾಬ್ ಗಡಿಗೆಯ ಕೆಳಗೆ ಬೋಗುಣಿ ಇಟ್ಟ.

ಹಸಿರು ಮಸಿಯಲ್ಲಿ ಷರಾ ಬಂತು:
'ಸೋರಿಕೆ ನೈಸರ್ಗಿಕವೋ ಮಾನವಕೃತವೋ?
ತಖ್ತೆಯಲ್ಲಿ ನಮೂದಿಸಿ ಮರುಮಂಡಿಸಿ.'
ಒಳಹರಿವು, ದಿನಕ್ಕೆ ಎರಡು ಕೊಡ. ಹೊರಹರಿವು ಒಂದೂವರೆ.
ವ್ಯತ್ಯಾಸ, ಸಿಬ್ಬಂದಿ ಕುಡಿದದ್ದು.
ರಾಯಚೂರಿಗೆ ಹೋಯಿತು, ಅಲ್ಲಿಂದ ಭೀಮರಾಯನಗುಡಿಗೆ,
ಅಲ್ಲಿ ಯಾರದೋ ಕೈಯಲ್ಲಿ ಘಟ ಹೋಗಿ ಘಟಕವಾಯಿತು.
'ಘಟಕದ ಪುನಶ್ಚೇತನ: ಸಾಧ್ಯಾಸಾಧ್ಯತೆ' ಎಂದು ಮರಳಿತು,
ದಾರಿಯಲ್ಲಿ ಅದಕ್ಕೊಂದು ಸಮಿತಿ ಅಂಟಿಕೊಂಡಿತ್ತು.

ಜೂನಿನ ಒಂದು ಮಧ್ಯಾಹ್ನ ಕುಂಬಾರ ಓಣಿಯ ಈರಮ್ಮ
ತಲೆ ಮೇಲೆ ಸಿಂಬಿ, ಸಿಂಬಿ ಮೇಲೆ ಗಡಿಗೆ,
ಕೇಳದೆ ಕೇಳಿಸದೆ ಒಳಗೆ ಬಂದಳು.
'ಎಂಬತ್ತು ರೂಪಾಯಿ ಲಾಲಣ್ಣ ಕೊಟ್ಟಾನ' ಅಂದಳು,
ಬೆರಳಿಂದ ಬಡಿದು ತೋರಿಸಿದಳು. ಠಣ್.
ಅಷ್ಟೇ ವರದಿ.

(ಹಳೆಯದನ್ನು ಎಸೆಯುವಂತಿಲ್ಲ.
ದಾಸ್ತಾನು ವಹಿಯಲ್ಲಿ ಅದಿನ್ನೂ ಜೀವಂತ.)

ಮರುವಾರ ಟಪಾಲಿನಲ್ಲಿ ಹಿಂಬರಹ ಬಂತು,
ಜೊತೆಗೆ ಅನುಬಂಧ ಒಂದು, ಅಂದರೆ ಆ ಕ್ಯಾಲೆಂಡರಿನ ಚೀಟಿ.
ಪೆನ್ಸಿಲ್ ಸಾಲಿನ ಸುತ್ತ ಕೆಂಪು ಗೆರೆ,
ಅಂಚಿನಲ್ಲಿ ದುಂಡನೆಯ ಬರಹ:
'ವಿಷಯ ಅಸ್ಪಷ್ಟ. ಸ್ಪಷ್ಟೀಕರಣ ಕೋರಿದೆ.'

'ಏನ್ ಬರದಾರ್ರಿ?' ಲಾಲಸಾಬ್ ಕೇಳಿದ.
ಹೇಳಲೆಂದು ಬಾಯಿ ತೆರೆದೆ;
'ಸದರಿ…' ಅಂತಲೇ ಶುರುವಾಯಿತು.
ಅವನು ಹಣೆ ಒರೆಸಿಕೊಂಡು
ಲೋಟ ಅದ್ದಿ ನನ್ನ ಮುಂದಿಟ್ಟ.