ಹಾಜರಿ ಪುಸ್ತಕದ ಕೆಂಪು

ನಾನು ಈ ಎಸ್ಟೇಟಿನ ರೈಟರು.
ಕಥೆ ಬರೆಯುವವನಲ್ಲ, ಹಾಜರಿ ಬರೆಯುವವನು:
ಎಷ್ಟು ಆಳು, ಎಷ್ಟು ಕಿಲೋ ಹಣ್ಣು, ಯಾರಿಗೆ ಎಷ್ಟು ಮುಂಗಡ.
ಆಲ್ದೂರಿನಿಂದ ಒಳಗೆ ಆರು ಮೈಲಿ. ಡಿಸೆಂಬರ್.
ಕಣದ ತುಂಬ ಕಾಫಿ ಹರಡಿ
ಗೋಣಿಯ ಲೆಕ್ಕ ತಪ್ಪುವ ಕಾಲ.

ಲೈನ್ ಮನೆಗಳ ಹಿಂದೆ, ಬಚ್ಚಲ ನೀರು ಹರಿಯುವಲ್ಲಿ
ಹುಲಿಗೆವ್ವ ಪುಂಡಿ ಬೆಳೆದಿದ್ದಳು.
ಲಿಂಗಸುಗೂರಿನ ಕಡೆಯವಳು, ಇಲ್ಲಿ ನಾಲ್ಕನೆಯ ವರ್ಷ.
ಹೋದಲ್ಲೆಲ್ಲ ಮೊದಲು ಸೆರಗಿನ ಗಂಟು ಬಿಚ್ಚಿ
ಬೀಜ ಊರಿ, ಆಮೇಲೆ ಒಲೆ ಹೂಡುವವಳು.
‘ಅದೆಂಥ ಸೊಪ್ಪೋ, ಹಲ್ಲು ಚುಳ್ ಅನ್ನುತ್ತೆ’
ಅನ್ನುತ್ತಿದ್ದ ಮೇಸ್ತ್ರಿ ದ್ಯಾವಪ್ಪ.

ಆ ವಾರ ಕಾಫಿಯ ರುಚಿ ನೋಡಲು ಬಂದವರು
ಜಮೈಕಾದ ಮಾರ್ವಾ ಮೇಡಂ.
ಚಮಚದಲ್ಲಿ ಸೊರ್ರನೆ ಹೀರಿ, ಉಗಿದು,
ಚೀಟಿಯಲ್ಲಿ ಅಂಕ ಹಾಕುವ ಕೆಲಸ.
ನನಗೆ ಗೊತ್ತಿದ್ದ ಜಮೈಕಾ ರೇಡಿಯೋದ ಕಾಮೆಂಟರಿಯಲ್ಲಿತ್ತು.
ಮಾತಿಗಿರಲಿ ಅಂತ ಕ್ರಿಕೆಟ್ಟು ತೆಗೆದೆ.
ನೋಡುವುದಿಲ್ಲ ಅಂದರು.
ಮಾತು ಅಲ್ಲಿಗೇ ನಿಂತಿತು.

ಅವರ ಕಾಲು ನಿಂತದ್ದು ಲೈನಿನ ಹಿಂದೆ.
ಹೂ ಉದುರಿ, ಕಾಯಿಯನ್ನು ಬಿಗಿಹಿಡಿದ
ಕೆಂಪು ಮುಷ್ಟಿಗಳು ಗಿಡದ ತುಂಬ.
ಒಂದರ ಎಸಳು ಮುರಿದು ಬಾಯಿಗಿಟ್ಟು
‘ಸಾರೆಲ್’ ಅಂದರು. ಮತ್ತೊಮ್ಮೆ ಅಂದರು.
ಉಗಿಯಲಿಲ್ಲ.

ಎರಡು ಹೊಳೆಗೆ ನಾನೊಬ್ಬನೇ ಸಂಕ.
‘ಕ್ರಿಸ್‌ಮಸ್ಸಿಗೆ ಇದರ ಪಾನಕವಿಲ್ಲದ ಮನೆ ನಮ್ಮಲ್ಲಿಲ್ಲ,
ಎರಡು ಸೇರು ಕೊಟ್ಟಾಳೆಯೇ ಕೇಳಿ.’
‘ಇಲ್ರೀ,’ ಅಂದಳು ಹುಲಿಗೆವ್ವ.
‘ತಪ್ಲ ಬೇಕಂದ್ರ ಒಂದು ಹೊರಿ ಒಯ್ಲಿ.
ಕಾಯಿ ಕೊಡಂಗಿಲ್ಲ. ಒಳಗ ಮುಂದಿನ ವರ್ಷ ಐತಿ.’
ಹೇಗೆ ದಾಟಿಸುವುದು ಇದನ್ನು?
ಇದ್ದ ಹಾಗೇ ದಾಟಿಸಿದೆ.

ಮಾರ್ವಾ ನನ್ನ ಜೇಬಿಗೆ ಕೈಚಾಚಿ ಪೆನ್ನು ಕೇಳಿದರು.
ರೀಫಿಲ್ಲು ನನಗೇ ಕೊಟ್ಟು, ಬರೀ ಕೊಳವೆಯನ್ನು
ತೊಟ್ಟಿನ ಕಡೆಯಿಂದ ಒತ್ತಿದರು.
ಟಕ್.
ಬಲಿತ ಕಾಯಿ ಇಡಿಯಾಗಿ ಅತ್ತ,
ಕೆಂಪು ಬಟ್ಟಲು ಖಾಲಿಯಾಗಿ ಇತ್ತ.
ಹುಲಿಗೆವ್ವ ಕಾಯಿಯನ್ನೆತ್ತಿ ಕಿವಿಯ ಹತ್ತಿರ ಆಡಿಸಿ ನೋಡಿದಳು.
ಆಮೇಲೆ ಪೆನ್ನು ಕಸಿದುಕೊಂಡಳು.

ಅವತ್ತು ಮಧ್ಯಾಹ್ನ ಅವಳು ತೋಟಕ್ಕೆ ಹೋಗಲಿಲ್ಲ.
ಸಂಜೆಗೆ ಮೊರದ ತುಂಬ ಕೆಂಪು, ಚಾಪೆಯ ತುಂಬ ಬೀಜ.
ಜಜ್ಜಿದ ಶುಂಠಿ, ಲವಂಗ, ತೋಟದ ಕಿತ್ತಳೆಯ ಸಿಪ್ಪೆ;
ಕುದಿಸಿ ಇಳಿಸಿ ಬೆಳಗಿನ ತನಕ ಮುಚ್ಚಿಡಬೇಕಂತೆ.
‘ಮುಚ್ಚಿಡಾಕ ಇದೇನು ಬಾಣಂತಿನ?’

ಒಲೆಯ ಮುಂದೆ ಮಾರ್ವಾ ಹೇಳಿದರು:
ಈ ಗಿಡ ಆಫ್ರಿಕದ್ದು.
ನಮ್ಮ ಮುತ್ತಜ್ಜಿಯರನ್ನು ತುಂಬಿಕೊಂಡು ಬಂದ ಹಡಗಿನಲ್ಲೇ
ಬಂತು ಅನ್ನುತ್ತಾರೆ ಮನೆಯಲ್ಲಿ.
ದಾಟಿಸಿದೆ.
ಹುಲಿಗೆವ್ವ ಒಂದೇ ಕೇಳಿದಳು:
‘ಅವರಿಗೆ ಪಗಾರ ಕೊಟ್ರೇನು?’
ಇಲ್ಲವಂತೆ, ಅಂದೆ.
ಕೊಳ್ಳಿಯನ್ನು ಒಳಗೆ ತಳ್ಳಿದಳು.
ಬಹಳ ಹೊತ್ತು ಸಂಕದ ಮೇಲೆ ಯಾರೂ ಓಡಾಡಲಿಲ್ಲ.

ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ಸಕ್ಕರೆ ಹಾಕಿದರು.
ಮಾರ್ವಾ ತಮ್ಮ ಲೋಟಕ್ಕೆ ಒಂದು ಮುಚ್ಚಳ ರಮ್ಮು ಬೆರೆಸಿದಾಗ
ದ್ಯಾವಪ್ಪನಿಗೂ ಪುಂಡಿಯ ಮೇಲೆ ಗೌರವ ಬಂತು.
ಲೈನಿನ ಮಕ್ಕಳು ಕೆಂಪು ನಾಲಗೆ ಚಾಚಿ
ಒಬ್ಬರನ್ನೊಬ್ಬರು ಹೆದರಿಸಿದವು.
ಹುಲಿಗೆವ್ವ ಗುಟುಕರಿಸಿ, ಯೋಚಿಸಿ, ತೀರ್ಪು ಕೊಟ್ಟಳು:
‘ಚಲೋ ಐತಿ. ರೊಟ್ಟಿ ಜೋಡಿ ಆಗಂಗಿಲ್ಲ.’
ಮಾರ್ವಾ ಅದನ್ನು ಚೀಟಿಯಲ್ಲಿ ಬರೆದುಕೊಂಡರು.

ಮಾರ್ಚಿನಲ್ಲಿ ಆಡಿಟರು ಪುಟ ತಿರುವಿ ತಡೆದರು.
‘ಇದೇನ್ರೀ, ಕೆಂಪು ಶಾಯಿ?’
ನಮ್ಮ ಪುಸ್ತಕದಲ್ಲಿ ಕೆಂಪು ಅಂದರೆ ಗೈರು.
‘ಲೋಟ ಇಟ್ಟ ಗುರುತು ಸಾರ್. ಪುಂಡಿ ಪಾನಕ.’
ಅವರು ಮೂಸಿ ನೋಡಿ ಮುಂದಕ್ಕೆ ಹೋದರು.

ಆ ಉಂಗುರದೊಳಗೆ ಇಪ್ಪತ್ತಮೂರನೆಯ ತಾರೀಕಿದೆ.
ಹುಲಿಗೆವ್ವನ ಹೆಸರಿನೆದುರು ‘ಅರ್ಧ’ ಎಂದಿದ್ದದ್ದನ್ನು
ಬರೀ ರೀಫಿಲ್ಲು ಹಿಡಿದು, ವಕ್ರ ಅಕ್ಷರದಲ್ಲಿ,
ನಾನೇ ತಿದ್ದಿದ್ದೇನೆ:
ಪೂರ್ತಿ.