ಬಾಲದ ಪದಗಳು

ಬೈತಕೋಲದ ಐಸ್ ಫ್ಯಾಕ್ಟರಿಯ ಮಾಳಿಗೆಯಲ್ಲಿ
ಮಂಗಳವಾರ, ಶುಕ್ರವಾರ, ಸಂಜೆ ಏಳಕ್ಕೆ
ನನ್ನ ಇಂಗ್ಲಿಷ್ ಕ್ಲಾಸು.
ಕೆಳಗೆ ಐಸು ಪುಡಿಮಾಡುವ ಯಂತ್ರ ಗರಗರ ಅನ್ನುವಾಗ
ಸುಮ್ಮನಿರುತ್ತೇನೆ,
ನಿಂತ ಮೇಲೆ ವಾಕ್ಯ ಮುಗಿಸುತ್ತೇನೆ.

ಒಂದು ದಿನ ಗೋ ತೆಗೆದುಕೊಂಡೆ.
ಗೋ ಅಂದರೆ ಹೋಗು, ಅಷ್ಟು ಎಲ್ಲರಿಗೂ ಗೊತ್ತು.
ಅದರ ಬಾಲಕ್ಕೆ ಆಫ್ ಕಟ್ಟಿದೆ.
ಅಲಾರಾಂ ಗೋಸ್ ಆಫ್: ಹೊಡೆದುಕೊಳ್ಳುತ್ತದೆ.
ಲೈಟ್ ಗೋಸ್ ಆಫ್: ಆರುತ್ತದೆ.
ಫಿಶ್ ಗೋಸ್ ಆಫ್: ಕೆಡುತ್ತದೆ.
"ಒಂದು ಕೂಗ್ತದೆ, ಒಂದು ಆರ್ತದೆ, ಒಂದು ನಾರ್ತದೆ.
ಒಂದೇ ಮಾತಿಗೆ ಮೂರು ಸಂಸಾರವಾ ಮೇಡಂ?"
ಅಂದಳು ಶೇವಂತಿ ಹರಿಕಂತ್ರ.
"ಬಂಗಡೆಯ ಬಾಲ ಕತ್ತರಿಸಿದ್ರೂ ಅದು ಬಂಗಡೆಯೇ.
ನಿಮ್ಮ ಮೀನಿಗೆ ಬಾಲ ಬದಲಿಸಿದ್ರೆ
ಒಮ್ಮೆ ತಾರ್ಲಿ, ಒಮ್ಮೆ ತೊರಕೆ!"

ಅವಳಿಗೆ ಬೇಕಾದದ್ದು ನೇವಿ ಕಾಲೊನಿಯ ಇಂಗ್ಲಿಷು.
ಅಮದಳ್ಳಿಯಲ್ಲಿ ಮೂರನೇ ಮಹಡಿಯ ಬಾಲ್ಕನಿಯಿಂದ
ಯಾರೋ ಒಬ್ಬಳು
ಕಮ್ ಡೌನ್, ಕಮ್ ಡೌನ್ ಅಂತ ಕೈಯಾಡಿಸಿದಳಂತೆ.
"ಬುಟ್ಟಿ ಇಳಿಸಿ ಕೂತೇ ಇದ್ದೆ.
ನಾ ಕೆಳಗೆ, ಅವಳು ಮೇಲೆ.
ಇನ್ನೆಲ್ಲಿಗೆ ಇಳಿಯೂದು?"
ಇಳಿಯಬೇಕಾದದ್ದು ರೇಟು, ಅಂದೆ.
ಎಲ್ಲರೂ ನಕ್ಕರು. ಶೇವಂತಿ ನಗಲಿಲ್ಲ,
ನೋಟಬುಕ್ಕಿನಲ್ಲಿ ಕನ್ನಡಕ್ಷರದಲ್ಲಿ ಬರೆದುಕೊಂಡಳು:
ಕಮ್ ಡೌನ್, ನಾನಲ್ಲ.

ರೋಹಿದಾಸ ಬಾನಾವಳಿಕರ ಕಿಟಕಿಯ ಬಳಿ ಕೂರುವವ,
ಪರ್ಸೀನ್ ಬೋಟಿನ ಡ್ರೈವರ.
ಎರಡು ತಿಂಗಳಿಂದ ಬರುತ್ತಿದ್ದರೂ
ಒಂದು ಪ್ರಶ್ನೆ ಕೇಳಿದವನಲ್ಲ.
ಹೋದ ಶುಕ್ರವಾರ ಕೇಳಿದ:
ಕಮ್ ರೌಂಡ್ ಅಂದರೇನು?
ನಾನು ಹುರುಪಿನಲ್ಲಿ ಬೋರ್ಡಿನ ಮೇಲೆ ದೊಡ್ಡ ಸೊನ್ನೆ ಸುತ್ತಿದೆ.
ಸುತ್ತಿ ಬರುವುದು. ಮನೆಕಡೆ ಬಂದುಹೋಗುವುದು.
ಹಟ ಬಿಟ್ಟು ಒಪ್ಪುವುದು.
ಪ್ರಜ್ಞೆ ಮರಳುವುದು.
"ಅದು ಕೊನೆಗೆ ಯಾಕೆ?" ಅಂದ.

ತಮ್ಮ ಉಲ್ಲಾಸನ ತಲೆಗೆ ರೋಪು ಬಡಿದು
ಗೋವಾದ ಆಸ್ಪತ್ರೆಗೆ ಒಯ್ದಿದ್ದರು.
ಡ್ಯೂಟಿಯಲ್ಲಿದ್ದವ ಎಲ್ಲಿಯವನೋ ಎಳೆ ಡಾಕ್ಟರು,
ಕೊಂಕಣಿ ಬಾರದವನು.
ಹೆಗಲು ತಟ್ಟಿ ಹೇಳಿದನಂತೆ: ಹೀ ವಿಲ್ ಕಮ್ ರೌಂಡ್.
ರೋಹಿದಾಸನಿಗೆ ಹೀ ಗೊತ್ತು, ವಿಲ್ ಗೊತ್ತು,
ಕಮ್ ಗೊತ್ತು, ರೌಂಡೂ ಗೊತ್ತು.
ಸ್ಕ್ಯಾನಿಗೆ ಒಯ್ದವರು ಸುತ್ತುದಾರಿಯಿಂದ ತರುತ್ತಾರೆ ಅಂತ
ಕಟ್ಟಡ ಸುತ್ತಿ ಹಿಂದಿನ ಗೇಟಿಗೆ ಹೋಗಿ ನಿಂತ.
ಬಟ್ಟೆ ಒಗೆಯಲು ಒಯ್ಯುವ ಗಾಡಿ ಬಂತು.
ಆಕ್ಸಿಜನ್ ಸಿಲಿಂಡರುಗಳು ಬಂದವು.
ಒಂದು ನಾಯಿ ಬಂತು, ಹೋಯಿತು.
ಒಳಗೆ ಉಲ್ಲಾಸ ಹತ್ತು ನಿಮಿಷ ಕಣ್ಣುಬಿಟ್ಟು
ದಾದಾ ಖೈಂ ಅಂತ ಕೇಳಿ
ಮತ್ತೆ ಮುಚ್ಚಿದ.
ನರ್ಸು ಹೇಳಿದ್ದು, ಆಮೇಲೆ.

ಯಂತ್ರ ನಿಂತೇ ಇತ್ತು.
ನನಗೆ ವಾಕ್ಯ ಬರಲಿಲ್ಲ.

ಬರಲಿಲ್ಲ ಅಂದೆನಲ್ಲ, ನೋಡಿ,
ನಮ್ಮಲ್ಲಿ ಭಾಷೆಗೂ ಕಾಲಿದೆ.
ಕನ್ನಡ ಬರುತ್ತದೆ, ಈಜು ಬರುತ್ತದೆ,
ನಿದ್ದೆ, ಅಳು, ಜ್ವರ,
ನಾವು ಕೂತಲ್ಲಿಂದ ಏಳದಿದ್ದರೂ
ಎಲ್ಲ ತಾವಾಗಿ ನಡೆದು ಬರುವಂಥವು.
ಆ ದಿನ ರೋಹಿದಾಸನಿಗೆ ಇಂಗ್ಲಿಷ್ ಬರಲಿಲ್ಲ.
ಮುಂದಿನ ಬಾಗಿಲಿಗೆ ಬಂದು, ಯಾರೂ ಇಲ್ಲವೆಂದು,
ತಿರುಗಿ ಹೋಗಿರಬೇಕು.

ಇವತ್ತಿನ ಪಾಠದಲ್ಲಿ ಗೆಟ್ ಓವರ್ ಇತ್ತು.
ಬರೆದೆ.
ದಾಟುವುದು, ಮರೆತು ಮುಂದೆ ಹೋಗುವುದು
ಅಂತ ಬಾಯಿಗೆ ಬಂದದ್ದನ್ನು ನುಂಗಿ
ಓವರ್ ಒರೆಸಿದೆ.
ಗೆಟ್ ಇನ್, ಗೆಟ್ ಔಟ್ ಅಂತ ಬರೆದೆ:
ಹತ್ತು, ಇಳಿ. ಬಸ್ಸಿಗೂ ಆದೀತು, ದೋಣಿಗೂ ಆದೀತು
ಅಂತ ಸುಳ್ಳು ಹೇಳಿದೆ; ಬಸ್ಸಿಗೆ ಬಾಲ ಬೇರೆ.
ರೋಹಿದಾಸ ಒರೆಸಿದ ಜಾಗವನ್ನೇ ನೋಡುತ್ತಿದ್ದ,
ಬಿಳಿಪುಡಿಯ ಕೆಳಗೆ ಓ ಇನ್ನೂ ದುಂಡಗೆ ಉಳಿದಿತ್ತು.

ಹನ್ನೊಂದಕ್ಕೆ ಬೋಟು ಬಿಡಬೇಕು ಅಂದು ಎದ್ದ.
"ಬರ್ತೆ" ಅಂದ.
ಧಕ್ಕೆಗೆ ಮೆಟ್ಟಿಲ ಬುಡದಿಂದಲೇ ನೇರ ದಾರಿ.
ಅವನು ಐಸ್ ಫ್ಯಾಕ್ಟರಿಯನ್ನು ಸುತ್ತಿಕೊಂಡು ಹೋದ.