ಐದನೇ ಸ್ವಿಚ್ಚು

ಫಲಕದ ನಾಲ್ಕು ಸ್ಕ್ರೂಗಳಲ್ಲಿ
ಮೂರು ಅಲುಗಿದವು. ನಾಲ್ಕನೆಯದಕ್ಕೆ
ಸೀಮೆಎಣ್ಣೆ ಕುಡಿಸಿ ನಾನು ಟೀ ಕುಡಿಯಲು ಹೋದೆ.
ಬರುವಷ್ಟರಲ್ಲಿ ಸಿದ್ದಪ್ಪಾಜಿ ತೆಗೆದುಬಿಟ್ಟಿದ್ದ.
ಹದಿನೇಳರ ಹುಡುಗ. ಸ್ಕ್ಯಾನರ್ ಚುಚ್ಚದೆ
ಗಾಡಿಯ ಕಾಯಿಲೆ ಹೇಳಬಹುದೆಂದು
ಅವನಿಗಿನ್ನೂ ನಂಬಿಕೆಯಿಲ್ಲ.

ಫಲಕ ಕೈಗೆ ಬಂತು. ಕರುವಿನ ಹಿಂದೆ ಮಾಸು ಬಂದಹಾಗೆ
ಬಟ್ಟೆ ಸುತ್ತಿದ ವೈರುಗಳ ಗೊಂಚಲು.
ಕೆಂಪು, ಹಸಿರು, ನೇರಳೆ ಎನ್ನುತ್ತದೆ ಪುಸ್ತಕ.
ಎಪ್ಪತ್ತು ವರ್ಷಕ್ಕೆ ಎಲ್ಲವೂ ಒಂದೇ ಬಣ್ಣ:
ಆಲೆಮನೆ ಕೊಪ್ಪರಿಗೆಯಲ್ಲಿ ತಳ ಹಿಡಿದ ಬೆಲ್ಲ.

ಮಾರಿಸ್ ಮೈನರ್, ಐವತ್ತೆರಡರ ಮಾಡಲ್ಲು.
"ಇದಕ್ಕೆ ಪಾಸಿಟಿವೇ ನೆಲ ಕಣೋ, ನೆಗೆಟಿವ್ ಅಲ್ಲ"
ಅಂದರೆ ಹುಡುಗ ನಗುತ್ತಾನೆ.
ನಾನೂ ನಕ್ಕಿದ್ದೆ, ಉಸ್ತಾದ್ ಖಲಂದರ್ ಸಾಬರು ಹೇಳಿದಾಗ.
ಮರುದಿನ ಬ್ಯಾಟರಿ ತಿರುಗುಮುರುಗು ಕಟ್ಟಿ
ಎಡಗಡೆ ಮೀಸೆ ಸುಟ್ಟುಕೊಂಡೆ.

ಫ್ಯೂಸಿಗೆ ಯಾರೋ ಸಿಗರೇಟಿನ ಬೆಳ್ಳಿಕಾಗದ ಸುತ್ತಿದ್ದಾರೆ.
ಅದು ಸುಡಲಿಲ್ಲ, ಉಳಿದದ್ದೆಲ್ಲ ಸುಟ್ಟಿತು.
ಹಿತ್ತಾಳೆಯ ನಾಲಗೆಗಳ ಮೇಲೆ ಕಿಲುಬು.
ಮನೆಯಿಂದ ಹುಣಸೆಹಣ್ಣು ತರಿಸಿದೆ.
ಹೆಂಡತಿ ಕೇಳಿಕಳಿಸಿದಳು:
ಯಾರ ಮನೆ ದೇವರ ದೀಪ ಬೆಳಗ್ತಿದ್ದೀರಿ?

ವೈಪರಿನ ಗುಂಡಿ ನಿನ್ನೆ ತಂದಹಾಗಿದೆ.
ಲೈಟಿನ ಗುಂಡಿ ಸವೆದು ಅಕ್ಷರವೇ ಇಲ್ಲ,
ಹೆಬ್ಬೆರಳು ಕೂರುವಷ್ಟು ಹಳ್ಳ.
ಓಡಿಸಿದ್ದೆಲ್ಲ ರಾತ್ರಿಯೇ, ಡಾಕ್ಟರ್ ರೂತಮ್ಮ,
ಎಡ್ವಿನ್‌ನ ಅಜ್ಜಿಯ ಅಕ್ಕ, ಹೆರಿಗೆ ಡಾಕ್ಟರು.
ಮಂಡ್ಯದ ಸಕ್ಕರೆ ಫ್ಯಾಕ್ಟರಿಯ ಕೂಗಿಗಿಂತ ಮೊದಲು
ಈ ಕಾರಿನ ಸದ್ದಿಗೆ ಎದ್ದವರಿದ್ದಾರಂತೆ ನಮ್ಮ ಬೀದಿಯಲ್ಲಿ.

ಇನ್ನು ಆ ಐದನೆಯದು.
ಕಾರಿನದಲ್ಲ, ಮನೆ ಗೋಡೆಯದು,
ದುಂಡನೆಯ ಕರಿ ಬೇಕಲೈಟು.
ತಗಡು ಕೊರೆದು, ಅಂಚಿಗೆ ಅರ ಕೂಡ ಹಾಕದೆ
ಅವಸರದಲ್ಲಿ ಕೂರಿಸಿದ್ದು.
"ಅದನ್ನ ಕಿತ್ತು ತೂತು ಮುಚ್ಚಿಬಿಡಿ," ಎಡ್ವಿನ್ ಹೇಳಿಹೋಗಿದ್ದ,
"ಮೈಸೂರಿನ ರ‍್ಯಾಲಿಯಲ್ಲಿ
ಒರಿಜಿನಲ್ ಅಲ್ಲದ್ದಕ್ಕೆಲ್ಲ ಮಾರ್ಕು ಕಡೀತಾರೆ."

ಕೀಳುವ ಮೊದಲು ಎಲ್ಲಿಗೆ ಹೋಗುತ್ತೋ ನೋಡೋಣವೆಂದು
ವೈರು ಹಿಡಿದು ಹೊರಟೆ.
ಮ್ಯಾಟಿನಡಿ, ಬಾಗಿಲ ಪಟ್ಟಿಯಡಿ,
ಹಿಂದಿನ ಸೀಟಿನ ತೆಂಗಿನ ನಾರಿನೊಳಗೆ.
ಅಲ್ಲಿ ಸುರುಳಿ ಸುತ್ತಿಟ್ಟಿತ್ತು: ಎರಡು ಎಳೆ,
ತುದಿಗೊಂದು ಹೋಲ್ಡರು, ಹೋಲ್ಡರಿಗೊಂದು ಕೊಕ್ಕೆ.
ಅಳೆದೆ. ಇಪ್ಪತ್ತೆರಡು ಮೊಳ.

ಯಾಕಣ್ಣ ಇಷ್ಟುದ್ದ, ಹುಡುಗ ಕೇಳಿದ.
ಲೆಕ್ಕ ಹಾಕಿದೆ. ಕಾರು ಬೀದಿಯಲ್ಲಿ.
ಜಗಲಿ, ತಲೆಬಾಗಿಲು, ದನ ಕಟ್ಟುವ ಜಾಗ,
ನಡುಮನೆ, ಅದರಾಚೆ ಕತ್ತಲಕೋಣೆ.
ಕೊಕ್ಕೆ ತೊಲೆಗೆ.
ಕಂಬ ನೆಟ್ಟಿರದ ಊರುಗಳು.
ಹೊರಗೆ ಇಂಜಿನ್ನು ಗುರುಗುಡುತ್ತಿರಲು ಒಳಗೆ
ಹನ್ನೆರಡು ವೋಲ್ಟಿನ ಹಳದಿಯಲ್ಲಿ
ಯಾವುದೋ ನೆತ್ತಿ ಕಂಡಿರಬೇಕು.

ಇದು ನನ್ನ ಊಹೆ. ಹೌದೆನ್ನಲು ಯಾರೂ ಇಲ್ಲ.
ಸೀಟಿನಡಿ ಔಷಧಿ ವಾಸನೆಯೂ ಇರಲಿಲ್ಲ,
ಇಲಿಹಿಕ್ಕೆ ಇತ್ತು, ಒಂದು ಹೇರ್‌ಪಿನ್ನು.

ಸಂಜೆ ಹೊಸ ಬಲ್ಬು ಸಿಕ್ಕಿಸಿಕೊಂಡು ಹುಡುಗ ನಡೆದ.
ಶೆಡ್ಡು ದಾಟಿ, ಚಾರ್ಜಿಗಿಟ್ಟ ಬ್ಯಾಟರಿಗಳ ಸಾಲು ದಾಟಿ,
ನಮ್ಮ ಮನೆ ಅಡಿಗೆಕೋಣೆಯ ಹೊಸಿಲಲ್ಲಿ
ವೈರು ಮುಗಿಯಿತು. ಇಲ್ಲಿಂದ ನನಗೇನೂ ಕಾಣದು.
ಒತ್ತಿದೆ. ಟಪ್ಪೆಂದಿತು.
ಒಳಗಿನಿಂದ ಹೆಂಡತಿ ಕೂಗಿದಳು:
ಬಂತೂ!

ಬಿಲ್ಲು ಬರೆದಿಟ್ಟಿದ್ದೇನೆ:
ಸ್ವಿಚ್ಚು ರಿಪೇರಿ, ಐದು.
ನಾಳೆ ಎಡ್ವಿನ್ ಬಂದು ನಾಲ್ಕಲ್ವಾ ಅನ್ನುತ್ತಾನೆ.
ತೂತಿನ ಅಳತೆಗೆ ಮುಚ್ಚಳವನ್ನೂ ಕತ್ತರಿಸಿ,
ಅಂಚಿಗೆ ಅರ ಹಾಕಿ, ಬಣ್ಣ ಬಳಿದು
ಜೇಬಿನಲ್ಲಿಟ್ಟುಕೊಂಡಿದ್ದೇನೆ.
ಬೇಕಾದರೆ ಅವನೇ ಒತ್ತಿಕೊಳ್ಳಲಿ.